ನಮ್ಮುಡುಗಪ್ಪ

ಮಾಧವರಂನಲ್ಲಿ ಯಾರದಾದರೂ ಮನೆ ಮುಂದೆ ಒಂದು ಟ್ರ್ಯಾಕ್ಟರ್ ಮರಳು ಬಿದ್ದರೆ ಮೊದಲು ಬರುವುದು ಬೀದಿನಾಯಿ, ಆಮೇಲೆ ಓಣಿಯ ಮಕ್ಕಳು, ಆಮೇಲೆ ನಮ್ಮುಡುಗಪ್ಪ. ನಾಯಿ ಬರುವುದು ಮಲಗಲಿಕ್ಕೆ, ಮಕ್ಕಳು ಬರುವುದು ಗುಡಿ ಕಟ್ಟಲಿಕ್ಕೆ. ನಮ್ಮುಡುಗಪ್ಪ ಬರುವುದು ಹಿಡಿ ಮರಳು ತಗೊಂಡು ಹಿಸುಕಿ, ಅಂಗೈ ಬಿಚ್ಚಿ, ಅಂಟಿದ ಕೆಸರನ್ನು ನೆರೆದವರಿಗೆಲ್ಲ ತೋರಿಸಿ "ಮಣ್ಣದ" ಅನ್ನಲಿಕ್ಕೆ. ತುಂಗಭದ್ರೆ ಪಕ್ಕದಲ್ಲೇ ಹರಿಯುವ ಊರಿನವರಿಗೇ ಮಣ್ಣು ಮಾರಿಬಿಟ್ಟರಲ್ಲ ಎಂದು ಯಜಮಾನನ ಮುಖ ಇಳಿಯುವ ತನಕ ಕಾದು, ಮುಂದಿನ ಪ್ರಶ್ನೆ ಹಾಕುತ್ತಾನೆ.

"ಮೇಸ್ತ್ರಿ ಯಾರು?"

ಯಾರ ಹೆಸರು ಹೇಳಿದರೂ ಅವನ ತುಟಿ ಒಂದು ಪಕ್ಕಕ್ಕೆ ಸರಿಯುತ್ತದೆ.

"ಕಟ್ತಾನ, ಇಲ್ಲ ಅನ್ನಂಗಿಲ್ಲ. ನಿಲ್ಲೋದು ಬಿಡೋದು ಗೋಡಿಗೆ ಬಿಟ್ಟಿದ್ದು." ದನಿ ತಗ್ಗಿಸಿ, "ನಮ್ ಹುಡುಗ ಒಬ್ಬ ಅದಾನ. ಫೋನ್ ಹಚ್ಚಲೇನು?"

ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಭದ್ರವಾಗಿದೆ. ಊರು ಕರೆಯುವುದು ಮಾತ್ರ ನಮ್ಮುಡುಗಪ್ಪ ಎಂದೇ. ಇಂಥವನು ನಮ್ಮೂರಿಗಷ್ಟೇ ಮೀಸಲೇನಲ್ಲ. ಕೋಸಗಿಯಲ್ಲೊಬ್ಬ ಇದ್ದಾನೆ, ಕೌತಾಳಂನಲ್ಲಿ ಇಬ್ಬರಿದ್ದಾರೆ, ಆ ಇಬ್ಬರಿಗೂ ಮಾತುಕತೆ ಇಲ್ಲ. ಆದೋನಿಯಲ್ಲಿ ಪೇಟೆಗೊಬ್ಬ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇವನೇ ವಾಟ್ಸಾಪ್ ಗುಂಪಿನ ಅಡ್ಮಿನ್ ಆಗಿ ಅವತರಿಸಿದ್ದಾನೆ ಎಂದು ಅಲ್ಲಿರುವ ನನ್ನ ತಮ್ಮ ಹೇಳುತ್ತಾನೆ.

ಅವನು ಕಮಿಷನ್ ಮುಟ್ಟುವುದಿಲ್ಲ. ಇದನ್ನು ಅವನ ದೊಡ್ಡ ಗುಣ ಎನ್ನುವವರುಂಟು. ನನ್ನ ಲೆಕ್ಕದಲ್ಲಿ ಅನಾಹುತದ ಬೇರೇ ಇದು. ಚದರಕ್ಕಿಷ್ಟು ಎಂದು ಕೈಯೊಡ್ಡುವ ದಲ್ಲಾಳಿಯಾಗಿದ್ದರೆ ಗೋಡೆ ಸೊಟ್ಟಗಾದ ದಿನ ಅಂಗಿ ಹಿಡಿದು ಕೇಳಬಹುದಿತ್ತು. ಹರೆಯದಲ್ಲಿ ಆದೋನಿ ಹತ್ತಿ ಮಾರ್ಕೆಟ್ಟಿನ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆದವನು. ಇಬ್ಬರ ನಡುವೆ ನಿಂತು ಮಾತಾಡುವ ಚಟ ಅಲ್ಲಿ ಹತ್ತಿತು, ದುಡ್ಡು ಅಲ್ಲೇ ಉಳಿಯಿತು. ಈಗ ಅವನಿಗೆ ಬೇಕಾಗಿರುವುದು ಹೊತ್ತಿಗೊಂದು ಚಹಾ, ಮತ್ತು ಗೃಹಪ್ರವೇಶದ ದಿನ ನಾಲ್ಕು ಜನರೆದುರು "ಇದಕ್ಕೆಲ್ಲ ಇವನೇ ಕಾರಣ" ಎಂಬ ಒಂದು ಮಾತು. ಯಜಮಾನ ಅದನ್ನು ಹಲ್ಲು ಕಡಿಯುತ್ತ ಹೇಳಿದರೂ ಅವನು ನಗುತ್ತ ಸ್ವೀಕರಿಸುತ್ತಾನೆ.

ಅವನ ಭಾಗ್ಯ ತೆರೆದದ್ದು ಹೊಳೆ ಬಂದ ವರ್ಷ. 2009ರ ಅಕ್ಟೋಬರ್ ಮೊದಲ ವಾರ ತುಂಗಭದ್ರೆ ಮಂತ್ರಾಲಯದ ಮಠದೊಳಗೇ ನುಗ್ಗಿದಳು, ಅತ್ತ ಕರ್ನೂಲು ಪಟ್ಟಣವೇ ಮುಳುಗಿತು. ದಂಡೆಯ ಊರುಗಳಲ್ಲಿ ಮಣ್ಣಿನ ಗೋಡೆಗಳು ನೆನೆದು ಕೂತವು. ನೀರು ಇಳಿದ ಮೇಲೆ ಎಲ್ಲರಿಗೂ ಒಟ್ಟಿಗೇ ಮೇಸ್ತ್ರಿ ಬೇಕು, ಬಡಿಗ ಬೇಕು, ಕರೆಂಟಿನವ ಬೇಕು. ಊರಲ್ಲಿ ಇದ್ದವರು ಮೂರೋ ನಾಲ್ಕೋ ಜನ. ಆಗ ಕೈಯಲ್ಲಿ ಮೊಬೈಲು, ಬಾಯಲ್ಲಿ ನಾಲ್ಕು ಭಾಷೆ ಇದ್ದ ಮನುಷ್ಯ ಎದ್ದು ನಿಂತ. ಕೆಸರು ಬಳಿಯುವ ಮೊದಲೇ ಜನ ಅವನ ಮನೆ ಮುಂದೆ ಕೂತಿದ್ದರಂತೆ. ಆ ವೈಭವವನ್ನು ಅವನು ಇನ್ನೂ ಮರೆತಿಲ್ಲ. ಮುಂಗಾರು ಜೋರಾದಾಗ ಎಲ್ಲರೂ ಹೊಳೆ ನೋಡಲು ಸೇತುವೆಗೆ ಹೋದರೆ, ಅವನು ನೋಡುವುದು ದಂಡೆಯ ಮನೆಗಳ ಗೋಡೆಗಳನ್ನು.

ನಾಲ್ಕು ಭಾಷೆ ಅಂದೆನಲ್ಲ, ಅದು ಈ ಸೀಮೆಯ ಗುಣ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಬಿಡಿಸಿ ಆಂಧ್ರಕ್ಕೆ ಕೊಟ್ಟರು. ಕಾಗದ ಪತ್ರವೆಲ್ಲ ತೆಲುಗಾಯಿತು, ಜಗಳ ಕನ್ನಡದಲ್ಲೇ ಉಳಿಯಿತು. ಕಟ್ಟಡದ ಕೆಲಸಕ್ಕೆ ಬಂದರೆ ಇಂಗ್ಲಿಷಿನಲ್ಲಿ ಅಡಿ ಇಂಚು ಅಳೆದು, ತೆಲುಗಿನಲ್ಲಿ ಎಣಿಸಿ, ಕನ್ನಡದಲ್ಲಿ ಬೈದು, ಟೈಲ್ಸ್ ಹಾಕುವ ಬಿಹಾರದ ಹುಡುಗರ ಹತ್ತಿರ ಬಾಯಿಗೆ ಬಂದ ಹಿಂದಿ ಆಡಬೇಕು. ನಮ್ಮುಡುಗಪ್ಪ ಈ ನಾಲ್ಕನ್ನೂ ಒಂದೇ ವಾಕ್ಯದಲ್ಲಿ ಮುಗಿಸುತ್ತಾನೆ. ಅವನ ಫೋನಿನಲ್ಲಿ ಮನುಷ್ಯರ ಹೆಸರಿಲ್ಲ. 'ಕರೆಂಟ್ ಕೌತಾಳಂ', 'ಬೋರ್ ಕೋಸಗಿ', 'ಪೇಂಟ್ ಎಮ್ಮಿಗನೂರು', 'ಬಾಗಿಲ ರಾಯಚೂರು', 'ವಾಸ್ತು ಒನ್', 'ವಾಸ್ತು ಟೂ'. ವಾಸ್ತುವಿಗೆ ಇಬ್ಬರು ಯಾಕೆಂದರೆ ಮೊದಲನೆಯವನು ಒಪ್ಪದ ಬಾಗಿಲನ್ನು ಎರಡನೆಯವನು ಒಪ್ಪಬೇಕಲ್ಲ.

ಅವನ ಎಲ್ಲ ಮಾತಿಗೂ ಅಡಿಪಾಯ ಒಂದು ಕಲ್ಲು. ಆ ಕಲ್ಲಿನ ಸಂಗತಿ ನಮ್ಮ ಕಡೆ ಮಕ್ಕಳಿಗೂ ಗೊತ್ತು. ರಾಘವೇಂದ್ರ ಸ್ವಾಮಿಗಳು 1671ರಲ್ಲಿ ವೃಂದಾವನ ಪ್ರವೇಶ ಮಾಡುವ ಮೊದಲು ಆದೋನಿಯ ದಿವಾನ ವೆಂಕಣ್ಣ ಒಂದು ವೃಂದಾವನ ಸಿದ್ಧ ಮಾಡಿಸಿದ್ದ. ರಾಯರು ಅದು ತಮಗಲ್ಲ, ಮುಂದೆ ಬರುವ ಇನ್ನೊಬ್ಬರಿಗೆ ಇರಲಿ ಎಂದು ಹೇಳಿ, ಮಾಧವರದ ಹತ್ತಿರ ರಾಮದೇವರು ಕೂತು ದಣಿವಾರಿಸಿಕೊಂಡ ಬಂಡೆಯೊಂದಿದೆ, ಅದನ್ನು ತರಿಸು ಎಂದರಂತೆ. ಹಾಗೆ ಹೋದದ್ದು ನಮ್ಮೂರ ಕಲ್ಲು ಎಂದು ಪ್ರತೀತಿ. ಮೊದಲು ಮಾಡಿಸಿದ್ದು ವಾದೀಂದ್ರ ತೀರ್ಥರಿಗೆ ಸಂದಿತು, ಈಗಲೂ ರಾಯರ ಪಕ್ಕದಲ್ಲೇ ಇದೆ. ಭಕ್ತರಿಗೆ ಇದು ಭಕ್ತಿಯ ಕಥೆ. ನಮ್ಮುಡುಗಪ್ಪನಿಗೆ ವೃತ್ತಿಯ ಪ್ರಮಾಣಪತ್ರ.

"ರಾಯರಂಥಾ ರಾಯರು ಮಾಧವರದ ಮಾಲೇ ಬೇಕು ಅಂದ್ರು. ನೀವ್ಯಾಕ ರಾಯಚೂರಿಂದ ಮೇಸ್ತ್ರೀನ ಕರಸ್ತೀರಿ?"

ಇದಕ್ಕೆ ಉತ್ತರ ಕೊಡುವ ಧೈರ್ಯ ಯಾರಿಗಿದೆ? ಬೇತಂಚೆರ್ಲ ಕಲ್ಲು ಹಾಸೋಣ ಎಂದವರಿಗೂ ಇದೇ ಮಾತು, ಶಹಾಬಾದು ಹಾಸೋಣ ಎಂದವರಿಗೂ ಇದೇ ಮಾತು. ಕೊನೆಗೆ ಎಲ್ಲರ ಮನೆಗೂ ಬೀಳುವುದು ಗುಜರಾತಿನ ಮೋರ್ಬಿಯಿಂದ ಬಂದ ಟೈಲ್ಸ್. ಆಗ ಅವನು ಕಲ್ಲಿನ ಕಥೆ ಹೇಳುವುದಿಲ್ಲ, ಡಬ್ಬಿ ಎಣಿಸುತ್ತಾನೆ. (ಬೇತಂಚೆರ್ಲದ ಕಲ್ಲು ಅಲ್ಲೇ ಇದೆ, ಊರು ಮಾತ್ರ 2022ರಲ್ಲಿ ಕರ್ನೂಲು ಬಿಟ್ಟು ನಂದ್ಯಾಲ ಜಿಲ್ಲೆಗೆ ಸೇರಿತು. ಈ ಸೀಮೆಯಲ್ಲಿ ಕಲ್ಲುಗಳು ಜಿಲ್ಲೆಗಳಿಗಿಂತ ಗಟ್ಟಿ.)

ನಮ್ಮದು ಅಜ್ಜನ ಕಾಲದ ಮಾಳಿಗೆ ಮನೆ. ಕಲ್ಲಿನ ಗೋಡೆ, ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಸೊಪ್ಪು ಮಣ್ಣು, ಎಲ್ಲಕ್ಕೂ ಮೇಲೆ ಚೌಳು ಮಣ್ಣಿನ ಹೊದಿಕೆ. ಬೆಳೆಗೆ ಬಾರದ ಈ ಚೌಳು ಮಾಳಿಗೆಗೆ ಮಾತ್ರ ಒಳ್ಳೆಯದು. ನೀರು ಬಿದ್ದರೆ ಅದರ ಕಣ ಬಿಡಿಬಿಡಿಯಾಗಿ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ಸೋರಲು ದಾರಿ ಕೊಡುವುದಿಲ್ಲ. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ನಾಲ್ಕು ಪುಟ್ಟಿ ಹೊಸ ಚೌಳು ಎಳೆಯಬೇಕು, ಅಷ್ಟೇ. ಆ "ಅಷ್ಟೇ" ಮಾಡುವವರು ಮನೆಯಲ್ಲಿ ಯಾರೂ ಉಳಿಯದೆ, ಹಿಂದಿನ ಎರಡು ಕೋಣೆ ಕೆಡವಿ ಸ್ಲ್ಯಾಬ್ ಹಾಕಿಸಿ, ಒಂದು ಬಚ್ಚಲನ್ನೂ ಒಳಗೇ ತರೋಣ ಎಂದು ನಿರ್ಧಾರವಾಯಿತು. ಮರಳು ಬಿತ್ತು. ನಾಯಿ ಬಂತು, ಮಕ್ಕಳು ಬಂದರು, ನಮ್ಮುಡುಗಪ್ಪನೂ ಬಂದ.

ಅವನು ಫೋನ್ ಮಾಡಿದ ಹುಡುಗ ನಿಜಕ್ಕೂ ಒಳ್ಳೆ ಕೆಲಸಗಾರನೇ. ಆದರೆ ಅವನು ಬೆಂಗಳೂರಿನಲ್ಲಿದ್ದ. ಇದು ಅರ್ಥವಾಗಬೇಕಾದರೆ ನಮ್ಮ ಕಡೆಯ ಸುಗ್ಗಿ ತಿಳಿದಿರಬೇಕು. ಕೋಸಗಿ, ಮಂತ್ರಾಲಯ, ಆದೋನಿ ಕಡೆಯ ಊರುಗಳು ವರ್ಷದಲ್ಲಿ ಕೆಲವು ತಿಂಗಳು ಅರ್ಧ ಖಾಲಿ. ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಲಾರಿಗಟ್ಟಲೆ ಜನ ಹೋಗುತ್ತಾರೆ, ಕರಣೆ ಹಿಡಿಯಲು ಬಂದವರು ಬೆಂಗಳೂರು, ಹೈದರಾಬಾದಿಗೆ. ನಮ್ಮ ಊರ ಗೋಡೆ ನೆಟ್ಟಗೆ ಕಟ್ಟಬಲ್ಲವರೆಲ್ಲ ಯಾವುದೋ ಹದಿನಾಲ್ಕನೇ ಮಹಡಿಯಲ್ಲಿ ಬೇರೆಯವರ ಗೋಡೆ ಕಟ್ಟುತ್ತಿದ್ದಾರೆ. ಊರಲ್ಲಿ ಉಳಿಯುವುದು ವಯಸ್ಸಾದವರು, ಕಲಿಯುತ್ತಿರುವವರು, ಮತ್ತು ಕಲಿಯುವುದನ್ನು ಬಿಟ್ಟವರು. ಹೀಗಾಗಿ "ನಮ್ ಹುಡುಗ" ಬರಲಿಲ್ಲ, ಅವನ ಭಾವಮೈದುನ ಬಂದ. ಭಾವಮೈದುನ ಅಡ್ವಾನ್ಸ್ ಇಸಕೊಂಡು ತನ್ನ ಕಡೆಯ ಇಬ್ಬರನ್ನು ಕಳಿಸಿದ. ಅವರಲ್ಲೊಬ್ಬನಿಗೆ ಕೆಲಸ ಬರುತ್ತಿತ್ತು, ಆದರೆ ಅವನು ಸಿಮೆಂಟ್ ಕಲೆಸುವವನು. ಕಟ್ಟುವ ಜಾಗದಲ್ಲಿ ನಿಂತಿದ್ದವನು ಇನ್ನೊಬ್ಬ.

"ಇವನೇನಾ ನಿನ್ನ ಹುಡುಗ?" ಎಂದೆ.

"ನಮ್ ಹುಡುಗನ ಹುಡುಗ. ನಮ್ಮವನಂಗೇ ತಿಳ್ಕೊಳ್ರಿ."

ಇನ್ನು ಪಂಚಾಂಗ. ಅಮಾವಾಸ್ಯೆಗೆ ಕರಣೆ ಮುಟ್ಟುವುದಿಲ್ಲ, ಇದು ಎಲ್ಲ ಗೌಂಡಿಗಳ ಕಟ್ಟಳೆ, ತಕರಾರಿಲ್ಲ. ಶ್ರಾವಣ ಬಂತೆಂದರೆ ಉರುಕುಂದದ ಈರಣ್ಣನಿಗೆ ಹೋಗಬೇಕು. ಅದೇ ಶ್ರಾವಣದ ಬಹುಳದಲ್ಲಿ ರಾಯರ ಆರಾಧನೆ, ಪೂರ್ವ, ಮಧ್ಯ, ಉತ್ತರ ಎಂದು ಮೂರು ದಿನ. ಬೆಂಗಳೂರಿನಿಂದ ಬಂದ ನೆಂಟರನ್ನು ಆಟೋದಲ್ಲಿ ಮಠಕ್ಕೆ ಬಿಟ್ಟು ಬರುವ ಸಂಪಾದನೆ ಗೋಡೆಯಲ್ಲಿ ಎಲ್ಲಿದೆ? ಮೊಹರಂಗೆ ಪೀರಲ ದೇವರು ಹಿಡಿಯುವವನು ನಮ್ಮ ಸೆಂಟ್ರಿಂಗ್‌ನವನೇ. ವಿಜಯದಶಮಿಯ ರಾತ್ರಿ ದೇವರಗುಡ್ಡದ ಬನ್ನಿ. ಮಾಳಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಊರೂರಿನವರು ಬಡಿಗೆ ಹಿಡಿದು ಬಡಿದಾಡುವ ಹಬ್ಬ. ಅಲ್ಲಿಂದ ಮೇಸ್ತ್ರಿ ತಲೆಗೆ ಹೊಲಿಗೆ ಹಾಕಿಸಿಕೊಂಡು ಬಂದ. ನಾನು ಆ ಪೆಟ್ಟನ್ನು ನೋಡಿ ಮರುಗುವ ಮೊದಲೇ ನಮ್ಮುಡುಗಪ್ಪ ಅಂದ: "ದೇವರ ಪೆಟ್ಟು, ಒಳ್ಳೇದು. ಇನ್ನು ಕೆಲಸ ನೋಡ್ರಿ ಹೆಂಗ ಓಡ್ತದ." ಕೆಲಸ ಹದಿನೈದು ದಿನ ಓಡಿಯೇ ಹೋಗಿತ್ತು.

ಸ್ಲ್ಯಾಬ್ ಬಿದ್ದ ದಿನ ಅವನು ಕೊಟ್ಟ ಸಲಹೆ ಮಾತ್ರ ದಾಖಲಾಗಬೇಕು. ಮೇಲೆ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದೆವು. "ಮೂರು ದಿನ ಸಾಕು. ಈಗಿನ ಸಿಮೆಂಟು ಫಾಸ್ಟು" ಎಂದ. ಇದು ತಿರುವುಮುರುವು. ಈಗ ಮನೆಗಳಿಗೆ ಹೆಚ್ಚಾಗಿ ಬರುವುದು ಹಾರುಬೂದಿ ಬೆರೆತ ಸಿಮೆಂಟು. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ ನೀರುಣಿಸಬೇಕಾದರೆ ಇದಕ್ಕೆ ಕನಿಷ್ಠ 10 ದಿನ ಬೇಕು ಎಂದು ಕಾಂಕ್ರೀಟಿನ ಭಾರತೀಯ ಮಾನಕವೇ ಹೇಳುತ್ತದೆ, ಯಾಕೆಂದರೆ ಇದು ಗಟ್ಟಿಯಾಗುವುದು ನಿಧಾನ. ಅದನ್ನು ಹೇಳಿದ್ದಕ್ಕೆ, "ಪುಸ್ತಕದವರು ಮನಿ ಕಟ್ಟಿಲ್ಲ, ಕಟ್ಟಿದವರು ಪುಸ್ತಕ ಓದಿಲ್ಲ" ಎಂದು ನನ್ನ ಬಾಯಿ ಮುಚ್ಚಿಸಿದ. ಅವನು ಹೋದ ಮೇಲೆ ನನ್ನ ಹೆಂಡತಿ ಇನ್ನೂ ಒಂದು ವಾರ ಸದ್ದಿಲ್ಲದೆ ನೀರು ಬಿಟ್ಟಳು. ಆ ಸ್ಲ್ಯಾಬ್ ಇಂದಿಗೂ ಸೋರಿಲ್ಲ, ಅದರ ಕೀರ್ತಿ ಅವನಿಗೇ ಸಂದಿದೆ.

ಗೋಡೆಯ ಕಥೆ ಬೇರೆ. ನಮ್ಮದು ಎರೆ ಭೂಮಿ. ಹತ್ತಿಗೆ ಚಿನ್ನ, ಮನೆಗೆ ಶನಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿದು ಕುಗ್ಗುತ್ತದೆ, ಅದರ ಮೇಲೆ ನಿಂತ ಗೋಡೆಯನ್ನೂ ಜೊತೆಗೆ ಆಡಿಸುತ್ತದೆ. ಎರೆ ಮುಗಿದು ಗರಸು ಸಿಗುವ ತನಕ ಪಾಯ ತೋಡಬೇಕು ಎಂಬುದು ನಮ್ಮಜ್ಜನಿಗೂ ಗೊತ್ತಿತ್ತು. ನಮ್ಮ ಹುಡುಗನ ಹುಡುಗ ಮೂರಡಿಗೆ ನಿಲ್ಲಿಸಿ, ಕೆಳಗೆ ಸಿಕ್ಕಿದ ಒಂದು ಗುಂಡುಕಲ್ಲನ್ನು ತೋರಿಸಿ "ಬಂಡಿ ಬಂತು" ಎಂದಿದ್ದ. ಮೊದಲ ಬೇಸಿಗೆಗೆ ಕಿಟಕಿಯ ಮೂಲೆಯಿಂದ ಸೂರಿನ ಕಡೆಗೆ ಓರೆಯಾಗಿ ಒಂದು ಗೆರೆ ಹೊರಟಿತು. ನಮ್ಮುಡುಗಪ್ಪ ಅದರ ಮೇಲೆ ಉಗುರು ಎಳೆದು ನೋಡಿ, "ಬಿರುಕಲ್ಲ, ಬಣ್ಣ ಒಣಗ್ಯದ" ಎಂದ. ಆಗ ಇನ್ನೂ ಬಣ್ಣ ಹೊಡೆಸಿರಲಿಲ್ಲ.

ಬಾಗಿಲು ಬಂದ ದಿನ ನಾನು ಮನೆಯಲ್ಲಿದ್ದೆ. ರಾಯಚೂರಿನಿಂದ ಟಂಟಂನಲ್ಲಿ ಇಳಿದ ಬೇವಿನ ಚೌಕಟ್ಟು ನೋಡಲು ಚಂದ, ಹೊಸ್ತಿಲಿಗೆ ಬಳ್ಳಿ ಕೊರೆದಿದ್ದರು, ಆದರೆ ಗೋಡೆಯಲ್ಲಿ ಬಿಟ್ಟ ಜಾಗಕ್ಕಿಂತ ಮೂರಿಂಚು ಅಗಲ. ಮೇಸ್ತ್ರಿ ಬಡಿಗನ ಮೇಲೆ ಹಾಕಿದ, ಬಡಿಗ ಫೋನಿನಲ್ಲೇ ಮೇಸ್ತ್ರಿಯ ಮೇಲೆ ಹಾಕಿದ. ಅಳತೆ ಹೇಳಿದ್ದು ಮಾತ್ರ ನಮ್ಮುಡುಗಪ್ಪ, ಅಂಗೈ ಬಿಡಿಸಿ, ಗೇಣಿನಲ್ಲಿ. ಎಲ್ಲರೂ ಅವನ ಕಡೆ ನೋಡಿದರು. ಅವನು ಚೌಕಟ್ಟನ್ನು ಸವರಿ, ನಿಟ್ಟುಸಿರು ಬಿಟ್ಟು, ಶಾಂತನಾಗಿ ಹೇಳಿದ:

"ವೆಂಕಣ್ಣ ಪಂತರು ಮೊದಲ ಸಲ ಮಾಡಿಸಿದ್ದು ದಂಡ ಆತೇನು? ಮುಂದೊಬ್ಬರಿಗೆ ಬಂತಿಲ್ಲೋ? ಇರಲಿ ಬಿಡ್ರಿ, ಯಾರಿಗಾದ್ರೂ ಬರ್ತದ."

ಆ ಚೌಕಟ್ಟು ಈಗಲೂ ನಮ್ಮ ಅಂಗಳದಲ್ಲಿ ಗೋಡೆಗೊರಗಿ ನಿಂತಿದೆ. ಕೋಳಿಗಳು ಅದರೊಳಗಿಂದ ಓಡಾಡುತ್ತವೆ. ಹೊಸ್ತಿಲಿಗೆ ಅರಿಶಿನ ಕುಂಕುಮ ಬಿಡಬಾರದು ಎಂದು ಅಮ್ಮ ದಿನಾ ಹಚ್ಚುತ್ತಾಳೆ.

ಎಲ್ಲಕ್ಕೂ ಮಿಗಿಲಾದದ್ದು ಬಚ್ಚಲು. ಟೈಲ್ಸ್ ಹುಡುಗರು ಒಂದೇ ದಿನದಲ್ಲಿ ಮುಗಿಸಿದರು. ಬಿಳಿ ಮೋರ್ಬಿ ಟೈಲ್ಸ್, ನಡುನಡುವೆ ನೀಲಿ ಹೂವು. ನಮ್ಮುಡುಗಪ್ಪ ಓಣಿಯವರನ್ನು ಕರೆತಂದ. ನೆಲದ ಮೇಲೆ ರಸಮಟ್ಟ ಇಟ್ಟ. ಗಾಜಿನ ಕೊಳವೆಯೊಳಗೆ ಗುಳ್ಳೆ ಸ್ವಲ್ಪ ಅತ್ತಿತ್ತ ಆಡಿ, ಎರಡು ಗೆರೆಗಳ ನಟ್ಟನಡುವೆ ಬಂದು ನಿಂತಿತು.

"ನೋಡ್ರಿ! ಒಂದು ಕೂದಲೆಳಿ ಅತ್ತಿಲ್ಲ ಇತ್ತಿಲ್ಲ!"

ಜನ ತಲೆದೂಗಿದರು. ಬಾಗಿಲ ಹಿಂದೆ ನಿಂತಿದ್ದ ನನ್ನ ಹೆಂಡತಿ ಏನೂ ಮಾತಾಡದೆ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ನಡು ಬಚ್ಚಲಿನಲ್ಲಿ ಸುರಿದಳು. ನೀರು ಹರಡಿತು. ಸುಮ್ಮನೆ ನಿಂತಿತು. ನೀರು ಹೋಗುವ ಜಾಲರಿ ಎಡಮೂಲೆಯಲ್ಲಿತ್ತು, ಅತ್ತ ಕಡೆ ಒಂದು ಹನಿಯೂ ಹೊರಡಲಿಲ್ಲ. ಬಚ್ಚಲ ನೆಲಕ್ಕೆ ಐದಡಿಗೆ ಒಂದಿಂಚಾದರೂ ವಾಟ ಇರಬೇಕು, ಅದು ಸಮತಟ್ಟಾಗಿದ್ದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಅಷ್ಟರಲ್ಲಿ ನೀರಿನ ಒಂದು ತುದಿ ಟೈಲ್ಸಿನ ಸಂದು ಹಿಡಿದು ಮೆಲ್ಲಗೆ ಹೊಸ್ತಿಲ ಕಡೆ ಬಂತು, ಹೊಸ್ತಿಲು ದಾಟಿತು, ನೆರೆದವರ ಕಾಲ್ಬೆರಳುಗಳ ನಡುವಿನಿಂದ ಅಡುಗೆಮನೆಗೆ ನಡೆಯಿತು. ಓಣಿಯವರು ಒಬ್ಬೊಬ್ಬರೇ ಚಪ್ಪಲಿ ಎತ್ತಿಕೊಂಡರು.

ನಮ್ಮುಡುಗಪ್ಪ ನೀರನ್ನೇ ದಿಟ್ಟಿಸಿದ. "ಈಶಾನ್ಯಕ್ಕ ಹೊಂಟದ. ವಾಸ್ತು ಪ್ರಕಾರ ಶುಭ."

ಅಂದು ರಾತ್ರಿ ನಾನು ಕೂಗಾಡಿದ್ದು ಸೇತುವೆಯ ಆಚೆಗೂ ಕೇಳಿಸಿರಬೇಕು. ಮರುದಿನ ಅವನು ಎಂದಿನ ಹಾಗೆ ಚಹಾಕ್ಕೆ ಬಂದ. ಬೇರೆಯವರಾಗಿದ್ದರೆ ತಿಂಗಳು ಮುಖ ತೋರಿಸುತ್ತಿರಲಿಲ್ಲ. ಇವನು ಪೂರ್ತಿ ಅರ್ಧ ಗಂಟೆ ಬೈಸಿಕೊಂಡು, ನಡುನಡುವೆ "ಹೌದು ಮತ್ತ" ಎಂದು ಒಪ್ಪಿ, ನಾನು ಸುಸ್ತಾದ ಮೇಲೆ "ಅಂವಾ ನಮ್ಮವನಲ್ರಿ, ನಿಮಗ ಮೊದಲೇ ಹೇಳಬೇಕಿತ್ತು. ಖರೇ ನಮ್ ಹುಡುಗ ಇನ್ನೊಬ್ಬ ಅದಾನ" ಎಂದ. ನನ್ನ ಹೊಟ್ಟೆಯ ಉರಿ ಇಳಿದಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಮೇಸ್ತ್ರಿಯನ್ನು ಬೈದರೆ ಕೆಲಸ ಬಿಟ್ಟು ಹೋಗುತ್ತಾನೆ, ಹೆಂಡತಿಯ ಮೇಲೆ ರೇಗಿದರೆ ಊಟಕ್ಕೆ ಕುತ್ತು. ಬೈಸಿಕೊಳ್ಳಲಿಕ್ಕೆಂದೇ ಒಬ್ಬ ಮನುಷ್ಯ ಸಂಬಳವಿಲ್ಲದೆ ಸಿಗುವುದು ಸಣ್ಣ ಅನುಕೂಲವಲ್ಲ.

ಈ ಮಧ್ಯೆ ಒಂದು ಶುಭಕಾರ್ಯಕ್ಕೆ ಅವನ ಮನೆಗೆ ಹೋಗಬೇಕಾಯಿತು. ಅವನ ಮನೆಯ ಒಳಗೆ ಅಷ್ಟರವರೆಗೆ ನಾನು ಕಾಲಿಟ್ಟಿರಲಿಲ್ಲ, ಅವನೇ ಸದಾ ನಮ್ಮಲ್ಲಿರುತ್ತಿದ್ದನಲ್ಲ. ಕಾಲು ತೊಳೆಯಲು ಬಚ್ಚಲಿಗೆ ಹೋದೆ. ಹಳೇ ಶಹಾಬಾದು ಕಲ್ಲು, ಸಂದುಗಳು ಕೂದಲು ತೂರದ ಹಾಗೆ ಕೂತಿದ್ದವು. ನೀರು ಕಾಲ ಮೇಲೆ ಬಿದ್ದದ್ದೇ ಒಂದೇ ಗೆರೆಯಲ್ಲಿ ಮೂಲೆಗೆ ಓಡಿ ಕಣ್ಮರೆಯಾಯಿತು. ಗೋಡೆಗೆ ಬೆರಳಲ್ಲಿ ತಟ್ಟಿದೆ, ಎಲ್ಲೂ ಟೊಳ್ಳು ಸದ್ದಿಲ್ಲ. ಬಾಗಿಲು ಒಂದು ಬೆರಳಿಗೆ ಮುಚ್ಚಿಕೊಂಡಿತು. ಹೊರಗೆ ಬಂದು ಕೇಳಿದೆ: "ಇದನ್ನ ಯಾವ ಹುಡುಗ ಮಾಡಿದ?"

ಅವನ ಮುಖದಲ್ಲಿ ನಾನು ಮೊದಲ ಬಾರಿಗೆ ಗಾಬರಿ ಕಂಡೆ.

"ಅಂವಾ ಬ್ಯಾಡ್ರಿ. ಭಾಳ ನಿಧಾನ. ಒಂದು ಕಲ್ಲಿಗೆ ಒಂದು ತಾಸು ನೋಡಿಕೋತ ಕೂಡ್ತಾನ. ಅಡ್ವಾನ್ಸ್ ಸೈತ ತಗೊಳ್ಳಲ್ಲ, ಅಂಥವನ್ನ ನಂಬೋದು ಹೆಂಗ? ಮ್ಯಾಲಾಗಿ ಹೊಳಿ ಆಚೆಯವ, ಗಿಲ್ಲೇಸುಗೂರು ಕಡೆ. ನಮ್ಮವ ಅಲ್ಲ."

ಇಷ್ಟು ವರ್ಷ ಊರಿಗೆಲ್ಲ ನಂಬರು ಹಂಚಿದ ಮನುಷ್ಯ ಈ ಒಂದು ನಂಬರನ್ನು ಫೋನಿನಲ್ಲೇ ಇಟ್ಟಿರಲಿಲ್ಲ. ಅದು ಅವನ ಹೆಂಡತಿಗೆ ಬಾಯಿಪಾಠವಾಗಿತ್ತು. ಆಕೆ ಅದನ್ನು ನನ್ನ ಹೆಂಡತಿಗೆ, ಬೇರೆ ಯಾರಿಗೂ ಹೇಳಬಾರದೆಂಬ ಆಣೆ ಹಾಕಿಸಿಕೊಂಡು, ಎಲೆ ಅಡಿಕೆ ಕೊಡುವಾಗ ಹೇಳಿದಳು.

ಗಿಲ್ಲೇಸುಗೂರಿನವನು ಸೈಕಲ್ಲಿನಲ್ಲಿ ಸೇತುವೆ ದಾಟಿ ಬಂದ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಬಚ್ಚಲ ನೆಲವನ್ನು ನೋಡಿ "ಇದನ್ನ ಯಾರು ಮಾಡಿದ್ರು" ಎಂದು ಕೇಳಲಿಲ್ಲ, ಇದೇ ನನಗೆ ಸೋಜಿಗ. ಒಡೆಯಬೇಕಾದ ಟೈಲ್ಸನ್ನಷ್ಟೇ ಒಡೆದ. ಮೂಲೆಯಿಂದ ಮೂಲೆಗೆ ದಾರ ಕಟ್ಟಿ, ಜಾಲರಿಯ ಕಡೆ ಅದನ್ನು ಒಂದಿಂಚು ಇಳಿಸಿ, ದಾರದ ಕೆಳಗೆ ಕಣ್ಣಿಟ್ಟು ಬಹಳ ಹೊತ್ತು ಕೂತ. ನಿಧಾನ ಎಂಬ ದೂರು ನಿಜವೇ. ಶನಿವಾರ ಬಟವಾಡೆ ಇಸಕೊಂಡು, ಉಳಿದ ಅರ್ಧ ಚೀಲ ಸಿಮೆಂಟಿನ ಬಾಯಿ ಕಟ್ಟಿ ಒಣಗಿದ ಜಾಗದಲ್ಲಿಟ್ಟು ಹೋದ. ಹೆಂಡತಿ ತಂಬಿಗೆ ನೀರು ಸುರಿದಳು. ನೀರು ಹೋಗಬೇಕಾದಲ್ಲಿಗೆ ಹೋಯಿತು.

ಸಂಜೆಗೆ ನಮ್ಮುಡುಗಪ್ಪ ಓಣಿಯವರನ್ನು ಮತ್ತೆ ಕರೆತಂದ. ತಾನೇ ತಂಬಿಗೆ ಹಿಡಿದು ಸುರಿದು ತೋರಿಸಿದ. "ನಾನೇನಂದಿದ್ದೆ? ನಮ್ ಹುಡುಗ!" ನೋಡಲು ಬಂದವರಲ್ಲಿ ಎದುರುಮನೆಯವರೂ ಇದ್ದರು. ಅವರ ಹಿತ್ತಲಲ್ಲಿ ಪಾಯಕ್ಕೆ ಕಲ್ಲು ಬಂದು ಬಿದ್ದು ಎರಡು ದಿನವಾಗಿತ್ತು. ಎಲ್ಲರೂ ಹೊರಟ ಮೇಲೆ ಅವರು ಹಿಂದೆ ಉಳಿದು, ನನ್ನ ಭುಜಕ್ಕೆ ಕೈ ಹಾಕಿ ಮೆಲ್ಲಗೆ ಕೇಳಿದರು:

"ಆ ಮೇಸ್ತ್ರೀದು ನಂಬರ್ ಐತೇನ್ರಿ?"

ಇವರು ಪುಣ್ಯವಂತರು, ಕಷ್ಟಕ್ಕೆ ಆದವರು. ಆದರೆ ನಮ್ಮ ಕಿಟಕಿ ಮೂಲೆಯ ಬಿರುಕು ಇನ್ನೂ ಹಾಗೇ ಇತ್ತು. ಆ ಕಡೆ ಪಾಯ ಬಿಚ್ಚಿ ಗರಸಿನ ತನಕ ಇಳಿಸುವ ಕೆಲಸವನ್ನು ದೀಪಾವಳಿ ಆದ ಮೇಲೆ ಹಿಡಿಯುತ್ತೇನೆಂದು ಗಿಲ್ಲೇಸುಗೂರಿನವನು ಒಪ್ಪಿದ್ದ.

"ಅಂವಾ ಭಾಳ ನಿಧಾನ್ರಿ" ಎಂದೆ. "ನಮ್ಮುಡುಗಪ್ಪನ್ನ ಕೇಳ್ರಿ, ಅವನ ಕಡೆ ಒಬ್ಬ ಹುಡುಗ ಅದಾನಂತ."